ನಡುಮನೆಗೆ ಬಂದ ನಟರಾಜ

ಬೆಂಗಳೂರಿನ ಯಾವುದಾದರೂ ಹೊಸ ಅಪಾರ್ಟ್‌ಮೆಂಟಿನ ಗೃಹಪ್ರವೇಶಕ್ಕೆ ಹೋಗಿ ನೋಡಿ. ಊಟ ಮುಗಿಸಿ, ತಾಂಬೂಲ ಹಿಡಿದು, ಮನೆ ನೋಡಲು ಹೊರಟವರು ಮೊದಲು ನಿಲ್ಲುವುದು ಟೀವಿ ಗೋಡೆಯ ಎದುರು. ಟೀವಿಯ ಪಕ್ಕದ ಗೂಡಿನಲ್ಲಿ, ಮೇಲಿಂದ ಬೀಳುವ ಹಳದಿ ಬೆಳಕಿನಲ್ಲಿ ಒಂದೂವರೆ ಅಡಿಯ ನಟರಾಜ ಕುಣಿಯುತ್ತಿರುತ್ತಾನೆ. ಬಾಲ್ಕನಿಯ ಬಾಗಿಲ ಬಳಿ, ಮನಿಪ್ಲಾಂಟಿನ ಬುಡದಲ್ಲಿ ಬುದ್ಧನ ತಲೆ. ಊಟದ ಮೇಜಿನ ಹಿಂದಿನ ಗೋಡೆಯಲ್ಲಿ ಚಿನ್ನದ ಹಾಳೆ ಮೆತ್ತಿದ ತಂಜಾವೂರು ಕೃಷ್ಣ. ದೇವರ ಮನೆ ಬೇರೆಯೇ ಇದೆ, ಅಲ್ಲಿ ಹೋಮದ ಹೊಗೆ ಇನ್ನೂ ಇಳಿದಿಲ್ಲ. ಹೊರಗಿರುವ ಇವರಿಗೆ ಮಾತ್ರ ಅರಿಸಿನ ಕುಂಕುಮವಿಲ್ಲ, ಹೂವಿಲ್ಲ, ನೈವೇದ್ಯವಿಲ್ಲ.

ಬಂದವರಲ್ಲಿ ಹಿರಿಯರೊಬ್ಬರು ಇದ್ದೇ ಇರುತ್ತಾರೆ. ನಟರಾಜನ ಮುಂದೆ ಒಂದು ಗಳಿಗೆ ನಿಂತು, ಕೈ ಮುಗಿಯುವುದೋ ಬಿಡುವುದೋ ತಿಳಿಯದೆ, ಮನೆಯಾಕೆಯನ್ನು ಮೆಲ್ಲಗೆ ಕೇಳುತ್ತಾರೆ: ‘ಇವನನ್ನ ಮನೇಲಿ ಇಡಬಾರದು ಅಂತಾರಲ್ಲಮ್ಮ?’

ಈ ಪ್ರಶ್ನೆಯನ್ನು ಮೂಢನಂಬಿಕೆ ಎಂದು ನಕ್ಕು ಬದಿಗೆ ಸರಿಸಬೇಕಾಗಿಲ್ಲ. ಪೂಜೆಗೆಂದು ಹುಟ್ಟಿದ ರೂಪವೊಂದು ಪೂಜೆಯಿಲ್ಲದ ಜಾಗಕ್ಕೆ ಬಂದಾಗ ಏನಾಗುತ್ತದೆ ಎಂಬ ನಿಜವಾದ ಕಳವಳ ಅದರಲ್ಲಿದೆ. ಉತ್ತರ ಬೇಕಿದ್ದರೆ ಆ ಮೂರ್ತಿ ಎಲ್ಲಿಂದ ಬಂತು, ಹೇಗೆ ತಯಾರಾಗುತ್ತದೆ, ಅದರ ಕೈಕಾಲುಗಳು ಏನು ಹೇಳುತ್ತಿವೆ ಎಂಬುದನ್ನು ನೋಡಬೇಕು. ಮನೆ ಅಲಂಕಾರಕ್ಕೆ ಬಂದ ದೇವರುಗಳಲ್ಲಿ ನಟರಾಜನಷ್ಟು ದೂರ ನಡೆದುಬಂದವನು ಮತ್ತೊಬ್ಬನಿಲ್ಲ. ಹಾಗಾಗಿ ಅವನ ಕಥೆಯನ್ನೇ ಹಿಡಿಯೋಣ.

ಬೀದಿಗೆ ಇಳಿಯಲೆಂದೇ ಲೋಹ

ದೇವಸ್ಥಾನದ ಗರ್ಭಗುಡಿಯಲ್ಲಿರುವುದು ಸಾಮಾನ್ಯವಾಗಿ ಕಲ್ಲಿನ ಮೂಲಮೂರ್ತಿ. ಅದು ಕದಲುವಂತಿಲ್ಲ. ರಥೋತ್ಸವ, ತೆಪ್ಪೋತ್ಸವಗಳಲ್ಲಿ ಊರು ಸುತ್ತುವುದು ಉತ್ಸವಮೂರ್ತಿ. ಹೊತ್ತು ತಿರುಗಬೇಕಾದ್ದರಿಂದ ಅದಕ್ಕೆ ಲೋಹವೇ ಬೇಕು. ತಮಿಳುನಾಡಿನ ಚೋಳರ ಕಾಲದಲ್ಲಿ, ಅದರಲ್ಲೂ 10 ಮತ್ತು 11ನೇ ಶತಮಾನಗಳಲ್ಲಿ, ಈ ಉತ್ಸವಮೂರ್ತಿಗಳ ಎರಕ ಮುಗಿಲು ಮುಟ್ಟಿತು. ಚೋಳ ರಾಣಿ ಸೆಂಬಿಯನ್ ಮಹಾದೇವಿ ಕಾವೇರಿ ಬಯಲಿನ ಎಷ್ಟೋ ಇಟ್ಟಿಗೆಯ ಗುಡಿಗಳನ್ನು ಕಲ್ಲಿನಲ್ಲಿ ಕಟ್ಟಿಸಿ, ಅವುಗಳಿಗೆ ಕಂಚಿನ ಮೂರ್ತಿಗಳನ್ನು ಕೊಟ್ಟಳು. ಇಂದು ನಾವು ನಟರಾಜ ಎಂದೊಡನೆ ಕಣ್ಣ ಮುಂದೆ ಬರುವ, ಬೆಂಕಿಯ ಬಳೆಯೊಳಗೆ ಎಡಗಾಲೆತ್ತಿ ನಿಂತ ರೂಪ ನೆಲೆಗೊಂಡದ್ದು ಆ ಕಾಲದಲ್ಲೇ.

ಕುಣಿಯುವ ಶಿವ ಅದಕ್ಕೂ ಹಳಬ. ನಮ್ಮ ಬಾದಾಮಿಯ ಒಂದನೇ ಗುಹೆಯ ಬಾಗಿಲಲ್ಲೇ 6ನೇ ಶತಮಾನದ ನಟೇಶ ಇದ್ದಾನೆ. ಅವನಿಗೆ ಹದಿನೆಂಟು ಕೈ, ಹಿಂದೆ ನಂದಿ, ಪಕ್ಕದಲ್ಲಿ ಪುಟ್ಟ ಗಣಪ. ಆದರೆ ಆ ಶಿವ ಬಂಡೆಗೆ ಅಂಟಿಕೊಂಡವನು, ನೋಡಬೇಕೆಂದರೆ ನಾವೇ ಹೋಗಬೇಕು. ಚೋಳರ ನಟರಾಜ ತಾನೇ ನಮ್ಮ ಬೀದಿಗೆ ಬರುವವನು. ಹಳೆಯ ಉತ್ಸವಮೂರ್ತಿಗಳ ಪೀಠದಲ್ಲಿ ಬದಿಗೆ ಬಳೆಗಳೋ ತೂತುಗಳೋ ಇರುತ್ತವೆ. ಗಳ ತೂರಿಸಿ, ಹಗ್ಗ ಬಿಗಿದು, ಹೆಗಲ ಮೇಲೆ ಹೊರಲು ಮಾಡಿದ್ದು ಅವು. ಒಳ್ಳೆಯ ಎರಕದ ಷೋಕೇಸ್ ಮೂರ್ತಿಗಳಲ್ಲೂ ಅವುಗಳನ್ನು ಬಿಡದೆ ಉಳಿಸಿಕೊಂಡಿರುತ್ತಾರೆ. ನಿಮ್ಮ ಮನೆಯ ನಟರಾಜನ ಪೀಠವನ್ನು ಒಮ್ಮೆ ತಿರುಗಿಸಿ ನೋಡಿ. ಯಾರೂ ಹೊರದ ಮೂರ್ತಿಯಲ್ಲೂ ಹೊರುವವರಿಗೆ ಜಾಗ ಉಳಿದಿರಬಹುದು.

ನಾಲ್ಕು ಕೈ, ಎರಡು ಕಾಲು

ಇನ್ನು ಆ ಹಿರಿಯರ ಪ್ರಶ್ನೆ. ತಾಂಡವ ಎಂದರೆ ಪ್ರಳಯ, ಪ್ರಳಯದ ದೇವರು ಮನೆಯಲ್ಲಿದ್ದರೆ ಮನೆ ನೆಮ್ಮದಿಯಾಗಿರದು ಎಂಬುದು ಹೆದರಿಕೆ. ಆದರೆ ಈ ಮೂರ್ತಿಯಲ್ಲಿರುವುದು ಆನಂದ ತಾಂಡವ. ಚಿದಂಬರದಲ್ಲಿ ಪೂಜೆಗೊಳ್ಳುವುದು ಈ ರೂಪವೇ. ಶೈವ ಸಿದ್ಧಾಂತಿಗಳು ಇದರಲ್ಲಿ ಶಿವನ ಐದು ಕೆಲಸಗಳನ್ನು ಕಾಣುತ್ತಾರೆ: ಸೃಷ್ಟಿ, ಸ್ಥಿತಿ, ಸಂಹಾರ, ತಿರೋಭಾವ, ಅನುಗ್ರಹ.

ಮೇಲಿನ ಬಲಗೈಯ ಡಮರು ಸೃಷ್ಟಿ. ಮೇಲಿನ ಎಡಗೈಯ ಬೆಂಕಿ ಸಂಹಾರ. ಕೆಳಗಿನ ಬಲಗೈ ಅಭಯ, ಅಂದರೆ ಸ್ಥಿತಿ. ನೆಲ ಊರಿದ ಬಲಗಾಲು ಮರೆಮಾಡುವ ಶಕ್ತಿ. ಮೇಲೆತ್ತಿದ ಎಡಗಾಲು ಅನುಗ್ರಹ. ಎದೆಯನ್ನು ಅಡ್ಡಹಾಯ್ದು ಆನೆಯ ಸೊಂಡಿಲಿನಂತೆ ಇಳಿದ ಕೆಳಗಿನ ಎಡಗೈ ಬೆರಳು ಮಾಡಿ ತೋರಿಸುವುದು ಆ ಎತ್ತಿದ ಪಾದವನ್ನೇ, ಬೆಂಕಿಯನ್ನಲ್ಲ. ನೋಡುವವರ ಕಣ್ಣನ್ನು ಎಲ್ಲಿಗೆ ಕರೆದೊಯ್ಯಬೇಕೆಂದು ಶಿಲ್ಪಿ ಮೊದಲೇ ತೀರ್ಮಾನಿಸಿದ್ದಾನೆ. ಐದರಲ್ಲಿ ಸಂಹಾರ ಒಂದು ಮಾತ್ರ, ಅದೂ ಅಭಯಕ್ಕಿಂತ ಹಿಂದೆ ನಿಂತದ್ದು. ಇದನ್ನು ಪ್ರಳಯದ ಮೂರ್ತಿ ಎನ್ನಲು ಮೂರ್ತಿಯೇ ಒಪ್ಪುವುದಿಲ್ಲ.

ಕಾಲಡಿಯ ಕುಳ್ಳ ಅಪಸ್ಮಾರ. ತಮಿಳರು ಅವನನ್ನು ಮುಯಲಕ ಎನ್ನುತ್ತಾರೆ. ಅವನು ಮರೆವು, ಅಜ್ಞಾನ. ಶಿವನ ಬಲಗಿವಿಯಲ್ಲಿ ಗಂಡಸರ ಕುಂಡಲ, ಎಡಗಿವಿಯಲ್ಲಿ ಹೆಂಗಸರ ಓಲೆ, ಪಾರ್ವತಿಯ ಅರ್ಧ ಭಾಗದ ಗುರುತು. ಹಾರುವ ಜಟೆಯೊಳಗೆ ಕೈಮುಗಿದ ಪುಟ್ಟ ಗಂಗೆ. ಇಷ್ಟೆಲ್ಲ ಇದ್ದೂ ಮುಖದಲ್ಲಿ ಅವಸರವಿಲ್ಲ. ಮೈಯೆಲ್ಲ ಸುತ್ತುತ್ತಿದ್ದರೂ ಮುಖ ನೆಟ್ಟಗೆ, ತಣ್ಣಗೆ. ಈ ಎರಡನ್ನೂ ಒಂದೇ ಲೋಹದಲ್ಲಿ ಹಿಡಿದಿಟ್ಟದ್ದೇ ಚೋಳ ಶಿಲ್ಪಿಗಳ ಹೆಚ್ಚುಗಾರಿಕೆ. ಅಗ್ಗದ ನಕಲುಗಳು ಸೋಲುವುದೂ ಇಲ್ಲೇ.

ಮೇಣ ಹರಿದುಹೋದ ಜಾಗದಲ್ಲಿ

ಕುಂಭಕೋಣಂ ಪಕ್ಕದ ಸ್ವಾಮಿಮಲೈ ಸುಬ್ರಹ್ಮಣ್ಯನ ಕ್ಷೇತ್ರವೆಂದು ಕನ್ನಡಿಗರಿಗೆ ಗೊತ್ತು. ಬೆಟ್ಟದ ಕೆಳಗಿನ ಬೀದಿಗಳಲ್ಲಿ ಇಂದಿಗೂ ಸ್ಥಪತಿಗಳ ಮನೆಗಳಿವೆ, ಎರಕದ ಕೊಟ್ಟಿಗೆಗಳಿವೆ. ಸಮೀಪದ ದಾರಾಸುರಂ ದೇವಾಲಯ ಕಟ್ಟಲು ಬಂದ ಶಿಲ್ಪಿಗಳು ಇಲ್ಲಿ ನೆಲೆಸಿದರು ಎಂಬುದು ಅವರು ಹೇಳಿಕೊಳ್ಳುವ ಹಿನ್ನೆಲೆ. ಇಲ್ಲಿನ ಕಂಚಿನ ಮೂರ್ತಿಗಳಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿದೆ.

ಕೆಲಸ ಶುರುವಾಗುವುದು ತೆಂಗಿನ ಗರಿಯಿಂದ. ಎಷ್ಟು ಎತ್ತರದ ಮೂರ್ತಿ ಬೇಕೋ ಅಷ್ಟುದ್ದದ ಎಳೆ ಗರಿಯೊಂದನ್ನು ಸೀಳಿಕೊಂಡು, ಶಾಸ್ತ್ರದ ಲೆಕ್ಕದಂತೆ ಮಡಿಸುತ್ತಾರೆ. ಒಂದು ಮಡಿಕೆ ಹಣೆಯ ಅಂಚಿಗೆ, ಮುಂದಿನದು ಗಲ್ಲಕ್ಕೆ, ಆಮೇಲೆ ಎದೆ, ಹೊಕ್ಕುಳು, ಮಂಡಿ, ಹಿಮ್ಮಡಿ. ಮುಖದ ಉದ್ದ ಒಂದು ತಾಳ, ಅದರಲ್ಲಿ ಹನ್ನೆರಡು ಅಂಗುಲ. ಯಾವ ದೇವರಿಗೆ ಎಷ್ಟು ತಾಳ ಎಂಬುದು ಗೊತ್ತುಪಡಿಸಿದ್ದು. ಹೀಗಾಗಿ ಅಂಗೈಯಗಲದ ಮೂರ್ತಿಗೂ ಆಳೆತ್ತರದ ಮೂರ್ತಿಗೂ ಅಳತೆಯ ಹೊಂದಿಕೆ ಒಂದೇ. ಇಂಚು, ಸೆಂಟಿಮೀಟರು ಅಲ್ಲಿ ಗಿರಾಕಿಗೆ ಬೆಲೆ ಹೇಳಲು ಮಾತ್ರ ಬೇಕು.

ಜೇನುಮೇಣಕ್ಕೆ ಧೂಪದ ರಾಳ ಮತ್ತು ಕಡಲೆಕಾಯಿ ಎಣ್ಣೆ ಸೇರಿಸಿ ಕಾಯಿಸಿ, ಸೋಸಿ, ತಣ್ಣೀರಿಗೆ ಬಿಡುತ್ತಾರೆ. ಆ ಮೇಣದಲ್ಲಿ ತಲೆ, ಮುಂಡ, ತೋಳು, ಕಾಲು ಬೇರೆಬೇರೆಯಾಗಿ ರೂಪುಗೊಳ್ಳುತ್ತವೆ. ಬಿಸಿ ಮಾಡಿದ ಕಬ್ಬಿಣದ ಸಲಾಕೆಯಿಂದ ಅವನ್ನು ಬೆಸೆಯುತ್ತಾರೆ. ಮೇಣ ಬಿಗಿದರೆ ಬಿಸಿಗೆ ಹಿಡಿದು, ಸಡಿಲಾದರೆ ನೀರಿಗೆ ಅದ್ದಿ, ಮತ್ತೆ ತಿದ್ದುತ್ತಾರೆ. ನಟರಾಜನ ಎತ್ತಿದ ಕಾಲಿನ ಬಾಗು, ಸೊಂಟದ ತಿರುವು ತೀರ್ಮಾನವಾಗುವುದು ಈ ಹಂತದಲ್ಲಿ, ಬೆರಳ ತುದಿಯಲ್ಲಿ.

ಆಮೇಲೆ ಮಣ್ಣು. ಕಾವೇರಿ ತಂದು ಹಾಕಿದ ನಯವಾದ ಮೆಕ್ಕಲು ಮಣ್ಣಿಗೆ ಸುಟ್ಟ ಭತ್ತದ ಹೊಟ್ಟು, ಸಗಣಿ ಕಲೆಸಿ ಅರೆದು ಮೊದಲ ಲೇಪ ಕೊಡುತ್ತಾರೆ. ಮೇಣದ ಮೇಲಿನ ಉಗುರಿನ ಗೆರೆಯೂ ಈ ಮಣ್ಣಿನಲ್ಲಿ ಮೂಡುತ್ತದೆ. ಅದರ ಮೇಲೆ ಗದ್ದೆಯ ಜೇಡಿ, ಕೊನೆಗೆ ಮರಳು ಬೆರೆತ ಒರಟು ಮಣ್ಣು, ದೊಡ್ಡದಾದರೆ ಕಬ್ಬಿಣದ ತಂತಿಯ ಬಿಗಿತ. ನೆರಳಲ್ಲಿ ಒಣಗಿಸಿದ ಅಚ್ಚನ್ನು ಬೆರಣಿ ಬೆಂಕಿಯಲ್ಲಿ ಕಾಯಿಸಿದಾಗ ಒಳಗಿನ ಮೇಣ ಕರಗಿ ತೂತಿನಿಂದ ಹರಿದುಹೋಗುತ್ತದೆ. ಅದು ಬಿಟ್ಟುಹೋದ ಟೊಳ್ಳಿಗೆ ಕಾದ ಲೋಹವನ್ನು ಸಣ್ಣ ಧಾರೆಯಾಗಿ, ತಡೆಯಿಲ್ಲದೆ ಸುರಿಯಬೇಕು. ನಡುವೆ ಧಾರೆ ಕಡಿದರೆ ಮೂರ್ತಿಯೂ ಅಲ್ಲಿಗೇ ಕಡಿಯಿತು. ಲೋಹ ಆರಿದ ಮೇಲೆ ಅಚ್ಚನ್ನು ಒಡೆಯುತ್ತಾರೆ. ಒಂದು ಅಚ್ಚಿಗೆ ಒಂದೇ ಮೂರ್ತಿ, ಇನ್ನೊಂದು ಬೇಕಿದ್ದರೆ ಮತ್ತೆ ಮೇಣದಿಂದಲೇ ಶುರು.

ಪಂಚಲೋಹ ಎಂದರೆ ಐದೂ ಸಮಪಾಲು ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಬಹುಪಾಲು ತಾಮ್ರವೇ, ಅದಕ್ಕೆ ಹಿತ್ತಾಳೆ, ಸ್ವಲ್ಪ ಸೀಸ. ಬೆಳ್ಳಿ ಬಂಗಾರ ಸೇರುವುದು ಚೂರು ಮಾತ್ರ, ಅದೂ ಹೆಚ್ಚಾಗಿ ಪೂಜೆಯ ಮೂರ್ತಿಗೆ, ಮಾಡಿಸುವವರ ಇಷ್ಟದಂತೆ. ಅಂಗಡಿಯ ಷೋಕೇಸ್ ಮೂರ್ತಿಯನ್ನು ‘ಪಂಚಲೋಹ’ ಎಂದು ಮಾರಿದರೆ ಅದರಲ್ಲಿ ಚಿನ್ನವಿದೆ ಎಂದು ನಂಬಬೇಕಿಲ್ಲ.

ಕಲ್ಯಾಣದ ಅರಸ ಬರೆಸಿದ್ದು

ಈ ಮೇಣದ ಎರಕದ ವಿಧಾನಕ್ಕೆ ಅತ್ಯಂತ ವಿವರವಾದ ಹಳೆಯ ಬರಹ ಒಂದಿದ್ದರೆ ಅದು ನಮ್ಮ ನೆಲದ್ದು. ಈಗಿನ ಬಸವಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ ‘ಮಾನಸೋಲ್ಲಾಸ’, 12ನೇ ಶತಮಾನದ ಮೊದಲ ಭಾಗದ ಸಂಸ್ಕೃತ ಕೃತಿ. ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬ ಹೆಸರೂ ಅದಕ್ಕಿದೆ. ಅಡುಗೆ, ಆನೆ, ಸಂಗೀತ, ಚಿತ್ರ ಎಲ್ಲದರ ನಡುವೆ ಅಲ್ಲಿ ಮೂರ್ತಿ ಎರಕ ಹೊಯ್ಯುವ ಕ್ರಮವೂ ಬರುತ್ತದೆ.

ಸುಟ್ಟ ಹೊಟ್ಟು, ಸಣ್ಣಗೆ ಕತ್ತರಿಸಿದ ಹತ್ತಿ, ಚೂರು ಉಪ್ಪು ಸೇರಿಸಿ ಕಲ್ಲಿನ ಮೇಲೆ ಅರೆದ ಮಣ್ಣು, ಮೂರು ಲೇಪ, ನೆರಳಲ್ಲಿ ಒಣಗಿಸುವುದು: ಎಲ್ಲವೂ ಅಲ್ಲಿದೆ. ಎಷ್ಟು ಲೋಹ ಬೇಕೆಂದು ತಿಳಿಯಲು ಮೊದಲೇ ಮೇಣದ ಬೊಂಬೆಯನ್ನು ತೂಗಿಡಬೇಕು. ಬೆಳ್ಳಿಯಾದರೆ ಮೇಣದ ಹನ್ನೆರಡು ಪಟ್ಟು, ಚಿನ್ನವಾದರೆ ಹದಿನಾರು ಪಟ್ಟು ಎಂದು ಲೆಕ್ಕ ಕೊಟ್ಟಿದ್ದಾರೆ. ಸ್ವಾಮಿಮಲೈಯಲ್ಲಿ ಇವತ್ತಿಗೂ ಮೇಣ ತೂಗಿಯೇ ಲೋಹ ತೂಗುವುದು. ಒಂಬೈನೂರು ವರ್ಷಗಳಲ್ಲಿ ರಾಜರು, ಗಡಿಗಳು, ಕೊಳ್ಳುವವರು ಎಲ್ಲರೂ ಬದಲಾದರೂ ಈ ತಕ್ಕಡಿ ಬದಲಾಗಲಿಲ್ಲ. ಕೈಕೆಲಸ ಎಂದರೆ ಅಂದಾಜಿನ ಕೆಲಸ ಎಂದು ಭಾವಿಸುವವರಿಗೆ ಈ ಒಂದು ಲೆಕ್ಕವೇ ಸಾಕು.

ಕನ್ನಡ ನಾಡಿನ ಹಳೆಯ ಎರಕದ ಕೈಚಳಕ ನೋಡಬೇಕೆಂದರೆ ಮುಂಬೈನ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯಕ್ಕೆ ಹೋಗಬೇಕು. ಅಲ್ಲೊಬ್ಬ ಕಂಚಿನ ಬಾಹುಬಲಿ ಇದ್ದಾನೆ. ಎತ್ತರದಲ್ಲಿ ಚಿಕ್ಕವನು. ಬಳ್ಳಿ ಹಬ್ಬಿದ ತೊಡೆ, ಇಳಿಬಿಟ್ಟ ತೋಳು, ಹೆಗಲ ಮೇಲೆ ಚೆಲ್ಲಿದ ಕೂದಲು. 981ರಲ್ಲಿ ಶ್ರವಣಬೆಳಗೊಳದ ಬೆಟ್ಟದ ಮೇಲೆ ನಿಂತ ದೊಡ್ಡ ಮೂರ್ತಿಗಿಂತ ಇದು ಹಳೆಯದೆಂದು ಬಲ್ಲವರು ಹೇಳುತ್ತಾರೆ. ಇಂದು ನಮ್ಮ ಸಭೆ ಸಮಾರಂಭಗಳಲ್ಲಿ ಶಾಲು, ಪೇಟ, ಹಣ್ಣಿನ ಬುಟ್ಟಿಯ ಜೊತೆ ನೆನಪಿನ ಕಾಣಿಕೆಯಾಗಿ ಕೈಗೆ ಬರುವ ಬಾಹುಬಲಿಯನ್ನು ಅದರ ಪಕ್ಕ ಇಟ್ಟರೆ, ಚಿಕ್ಕದಾಗುವುದೇ ಬೇರೆ, ಸೊರಗುವುದೇ ಬೇರೆ ಎಂಬುದು ತಿಳಿಯುತ್ತದೆ.

ಗುಡಿಯಿಂದ ಗ್ಯಾಲರಿಗೆ, ಅಲ್ಲಿಂದ ಮನೆಗೆ

ನೂರಿಪ್ಪತ್ತು ವರ್ಷಗಳ ಹಿಂದೆ ತಮಿಳುನಾಡಿನ ಹೊರಗೆ ಯಾರ ನಡುಮನೆಯಲ್ಲೂ ನಟರಾಜ ಇದ್ದಿರಲಾರ. ಅವನನ್ನು ಕಲೆಯಾಗಿ ಜಗತ್ತಿಗೆ ಪರಿಚಯಿಸಿದ್ದರಲ್ಲಿ ದೊಡ್ಡ ಪಾಲು ಆನಂದ ಕುಮಾರಸ್ವಾಮಿಯವರದು. ಶಿವನ ನೃತ್ಯದ ಕುರಿತ ಅವರ ಪ್ರಬಂಧ 1912ರಲ್ಲಿ ಬಂತು, ಅದೇ ಹೆಸರಿನ ಪುಸ್ತಕ 1918ರಲ್ಲಿ. ಫ್ರಾನ್ಸಿನ ಶಿಲ್ಪಿ ರೊದೆ ಮದರಾಸಿನ ಮ್ಯೂಸಿಯಮ್ಮಿನ ನಟರಾಜನನ್ನು ಬರೀ ಛಾಯಾಚಿತ್ರಗಳಲ್ಲಿ ನೋಡಿ ಮಾರುಹೋಗಿ ಬರೆದರು, ಆ ಬರಹ ಅವರು ತೀರಿಕೊಂಡ ಮೇಲೆ 1921ರಲ್ಲಿ ಅಚ್ಚಾಯಿತು.

ನಮ್ಮಲ್ಲಿ ದಾರಿ ಮಾಡಿಕೊಟ್ಟದ್ದು ನೃತ್ಯ. 1936ರಲ್ಲಿ ಕಲಾಕ್ಷೇತ್ರ ಕಟ್ಟಿದ ರುಕ್ಮಿಣಿ ದೇವಿ ಅರುಂಡೇಲ್ ಭರತನಾಟ್ಯದ ರಂಗದ ಮೇಲೆ ನಟರಾಜನ ಮೂರ್ತಿಯನ್ನು ತಂದು ನಿಲ್ಲಿಸಿದರು. ಇಂದು ಕರ್ನಾಟಕದ ಯಾವ ಊರಿನ ಯಾವ ರಂಗಪ್ರವೇಶಕ್ಕೆ ಹೋದರೂ ವೇದಿಕೆಯ ಬಲಬದಿಗೋ ಎಡಬದಿಗೋ ಮಲ್ಲಿಗೆ ಹಾರ ಹಾಕಿದ ನಟರಾಜ ಇರುವುದಕ್ಕೆ ಆ ಪದ್ಧತಿಯೇ ಮೂಲ. ರಂಗಪ್ರವೇಶ ಮುಗಿದ ಮೇಲೆ ಆ ಮೂರ್ತಿ ಮನೆಗೆ ಬರುತ್ತದೆ, ಅಭ್ಯಾಸದ ಕೋಣೆಯಲ್ಲಿ ಕೂರುತ್ತದೆ. ಕನ್ನಡದ ಎಷ್ಟೋ ಮನೆಗಳಿಗೆ ನಟರಾಜ ಬಂದದ್ದು ಮಗಳ ಗೆಜ್ಜೆಯ ಹಿಂದೆಯೇ.

1975ರಲ್ಲಿ ಫ್ರಿಟ್ಜೋಫ್ ಕಾಪ್ರಾ ತಮ್ಮ ‘ದಿ ತಾವೋ ಆಫ್ ಫಿಸಿಕ್ಸ್’ ಪುಸ್ತಕದಲ್ಲಿ ಪರಮಾಣುವಿನೊಳಗಿನ ಚಲನೆಗೆ ಈ ನೃತ್ಯವನ್ನು ಜೋಡಿಸಿದರು. 2004ರಲ್ಲಿ ಭಾರತ ಸರ್ಕಾರ ಜಿನೀವಾದ ಸರ್ನ್ ಪ್ರಯೋಗಾಲಯಕ್ಕೆ ಎರಡು ಮೀಟರ್ ಎತ್ತರದ ನಟರಾಜನನ್ನು ಕೊಟ್ಟಿತು. 2023ರ ಜಿ20 ಶೃಂಗಸಭೆಗೆ ದೆಹಲಿಯ ಭಾರತ ಮಂಟಪದ ಮುಂದೆ ನಿಂತ 27 ಅಡಿಯ, ಸುಮಾರು 18 ಟನ್ ತೂಕದ ಅಷ್ಟಧಾತುವಿನ ನಟರಾಜ ಸ್ವಾಮಿಮಲೈ ಸ್ಥಪತಿಗಳ ಕೆಲಸ. ಇಷ್ಟೊಂದು ಕಣ್ಣಿಗೆ ಬಿದ್ದ ರೂಪ ಅಂಗಡಿಯ ಕಪಾಟಿಗೆ ಇಳಿಯದೆ ಇರುತ್ತದೆಯೇ?

ನಕಲಿಗೆ ಪೂಜೆ, ಅಸಲಿಗೆ ಷೋಕೇಸು

ಪೂಜೆಯ ಮೂರ್ತಿ ಯಾವುದು, ಅಲಂಕಾರದ್ದು ಯಾವುದು ಎಂಬುದನ್ನು ತಲೆಕೆಳಗು ಮಾಡಿದ ನಿಜ ಘಟನೆ ಒಂದಿದೆ.

ತಂಜಾವೂರು ಸೀಮೆಯ ಶಿವಪುರಂ ಎಂಬ ಹಳ್ಳಿಯಲ್ಲಿ 1951ರಲ್ಲಿ ನೆಲ ಅಗೆಯುವಾಗ ಕಂಚಿನ ಮೂರ್ತಿಗಳು ಸಿಕ್ಕವು. ಅವುಗಳಲ್ಲಿ 10ನೇ ಶತಮಾನದ ಒಂದು ನಟರಾಜ. ಸರ್ಕಾರ ಅವನ್ನು ಊರ ದೇವಸ್ಥಾನಕ್ಕೇ ಒಪ್ಪಿಸಿತು. ಕೆಲವು ವರ್ಷಗಳ ನಂತರ ನಟರಾಜನನ್ನು ದುರಸ್ತಿಗೆ ಕಳಿಸಿದಾಗ, ಹಿಂತಿರುಗಿ ಬಂದದ್ದು ಹೊಸದಾಗಿ ಎರಕ ಹೊಯ್ದ ನಕಲು. ಅಸಲಿ ಕೈಯಿಂದ ಕೈಗೆ ದಾಟಿ ಕಡಲಾಚೆ ಹೋಯಿತು. ಬ್ರಿಟಿಷ್ ಮ್ಯೂಸಿಯಮ್ಮಿನ ವಿದ್ವಾಂಸ ಡಗ್ಲಾಸ್ ಬ್ಯಾರೆಟ್ 1965ರಲ್ಲಿ ಚೋಳ ಕಂಚುಗಳ ಕುರಿತ ಪುಸ್ತಕದಲ್ಲಿ ಗುಡಿಯಲ್ಲಿರುವುದು ನಕಲು ಎಂದು ಬರೆದ ಮೇಲೆಯೇ ಹೊರಗಿನವರಿಗೆ ಗೊತ್ತಾದದ್ದು. 1973ರಲ್ಲಿ ಆ ಮೂರ್ತಿ ಅಮೆರಿಕದ ಉದ್ಯಮಿ ನಾರ್ಟನ್ ಸೈಮನ್ ಅವರ ಪ್ರತಿಷ್ಠಾನದ ಸಂಗ್ರಹಕ್ಕೆ ಸೇರಿತು. ಭಾರತ ಮೊಕದ್ದಮೆ ಹೂಡಿತು, ರಾಜಿಯಾಯಿತು, 1986ರಲ್ಲಿ ಮೂರ್ತಿ ಮರಳಿ ಬಂತು.

ನಡುವಿನ ಆ ವರ್ಷಗಳನ್ನು ಯೋಚಿಸಿ. ಶಿವಪುರದ ಜನ ಕೈಮುಗಿದದ್ದು, ಹರಕೆ ಹೊತ್ತದ್ದು ನಿನ್ನೆ ಮೊನ್ನೆ ಎರೆದ ಲೋಹಕ್ಕೆ. ಸಾವಿರ ವರ್ಷದ ದೇವರು ಮಾತ್ರ ಬೇರೊಂದು ಖಂಡದಲ್ಲಿ ಸಂಗ್ರಹದ ಒಂದು ವಸ್ತು. ಹಾಗಾದರೆ ಆ ಜನರ ಪೂಜೆ ಸುಳ್ಳೇ? ಆಗಮದ ಪ್ರಕಾರವೂ ಭಕ್ತರ ಪ್ರಕಾರವೂ ಅಲ್ಲ. ಮೂರ್ತಿಯನ್ನು ದೇವರಾಗಿಸುವುದು ಲೋಹದ ವಯಸ್ಸಲ್ಲ, ಪ್ರಾಣ ಪ್ರತಿಷ್ಠೆ. ಸ್ಥಪತಿ ಕಣ್ಣು ತೆರೆಸುವ ವಿಧಿ, ಆಮೇಲಿನ ಕುಂಭಾಭಿಷೇಕ, ದಿನದಿನದ ಸೇವೆ. ಅದಿಲ್ಲದ ಮೂರ್ತಿ ದೇವರ ರೂಪ ಹೊತ್ತ ಕಲಾಕೃತಿ.

ಹಿರಿಯರ ಪ್ರಶ್ನೆಗೆ ನನ್ನ ಉತ್ತರವೂ ಇಲ್ಲಿದೆ. ಪ್ರತಿಷ್ಠೆಯಾಗದ ನಟರಾಜನನ್ನು ನಡುಮನೆಯಲ್ಲಿ ಇಡುವುದು ಅಪಚಾರವಲ್ಲ. ಕನ್ನಡದ ಮನೆಗಳಿಗೆ ಇದು ಹೊಸದೂ ಅಲ್ಲ. ನವರಾತ್ರಿಯಲ್ಲಿ ಪಟ್ಟದ ಗೊಂಬೆಗಳ ಸುತ್ತ ದಶಾವತಾರ, ಗೀತೋಪದೇಶ, ರಾಮ ಪಟ್ಟಾಭಿಷೇಕಗಳನ್ನು ಮೆಟ್ಟಿಲ ಮೇಲೆ ಜೋಡಿಸಿ ಆರತಿ ಎತ್ತುತ್ತೇವೆ. ವಿಜಯದಶಮಿಯ ನಂತರ ಅವನ್ನೇ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕುತ್ತೇವೆ. ದೇವರಿಗೂ ಬೊಂಬೆಗೂ ನಡುವೆ ಒಂದು ಜಾಗ ಇದೆ ಎಂದು ನಮ್ಮ ಅಜ್ಜಿಯರಿಗೆ ಗೊತ್ತಿತ್ತು.

ನನ್ನನ್ನು ಚುಚ್ಚುವುದು ಬೇರೆಯದು. ರೂಪವೇ ಕೆಟ್ಟ ನಟರಾಜನನ್ನು ನಾವು ನೋಡದೆಯೇ ಒಪ್ಪಿಕೊಳ್ಳುತ್ತಿದ್ದೇವೆ.

ಒಂದೇ ಅಚ್ಚಿನ ಸಾವಿರ ಮೂರ್ತಿ

ಇಂದು ಮಾರುಕಟ್ಟೆಯಲ್ಲಿ ನಟರಾಜ ಎಂದು ಸಿಗುವುದರಲ್ಲಿ ಮೂರು ಬಗೆ. ಒಂದು, ಮೇಣದ ಎರಕದ್ದು. ಇನ್ನೊಂದು, ಮರಳಿನ ಅಚ್ಚಿನಲ್ಲಿ ಎರೆದ ಹಿತ್ತಾಳೆ. ಉತ್ತರ ಪ್ರದೇಶದ ಮೊರಾದಾಬಾದ್, ಅಲಿಗಢಗಳು ಹಿತ್ತಾಳೆ ಸಾಮಾನು, ಮೂರ್ತಿಗಳಿಗೆ ಹೆಸರಾದ ಊರುಗಳು. ಅಲ್ಲೂ ಪಳಗಿದ ಕೈಗಳಿವೆ, ಒಳ್ಳೆಯ ಕೆಲಸವಿದೆ. ಒಂದೇ ಮಾದರಿಯಿಂದ ಎಷ್ಟು ಬೇಕಾದರೂ ತೆಗೆಯಬಹುದಾದ್ದರಿಂದ ಬೆಲೆ ಕಡಿಮೆ. ಮೂರನೆಯದು ಪುಡಿಗಲ್ಲಿಗೆ ರಾಳ ಬೆರೆಸಿ ರಬ್ಬರ್ ಅಚ್ಚಿನಲ್ಲಿ ತೆಗೆದು, ಕಂಚಿನ ಬಣ್ಣ ಹಚ್ಚಿದ್ದು. ಇದು ಬರೀ ಬಣ್ಣದ ಕಂಚು.

ಗುರುತಿಸುವುದು ಕಷ್ಟವಲ್ಲ. ಎತ್ತಿ ನೋಡಿ, ಗಟ್ಟಿ ಎರಕದ್ದು ನೋಟಕ್ಕಿಂತ ಭಾರ. ಬೆರಳಿನ ಗೆಣ್ಣಿನಿಂದ ತಟ್ಟಿದರೆ ಲೋಹ ದನಿ ಕೊಡುತ್ತದೆ, ರಾಳ ಮಂಕಾಗಿ ಸದ್ದು ಮಾಡುತ್ತದೆ. ಕಿವಿಯ ಹಿಂದೆ, ತೋಳಿನ ಒಳಬದಿಯಲ್ಲಿ ಎರಡು ಅಚ್ಚುಗಳು ಕೂಡಿದ ಗೆರೆ ಕಂಡರೆ ಅದು ಮೇಣದ ಎರಕವಲ್ಲ. ಹಿಂಬದಿಯನ್ನು ನೋಡಲೇಬೇಕು. ಉತ್ಸವಮೂರ್ತಿಯನ್ನು ಸುತ್ತಲಿಂದಲೂ ನೋಡುತ್ತಾರೆಂದು ಬೆನ್ನಿಗೂ ಅಷ್ಟೇ ಕೆಲಸ ಮಾಡುವುದು ಸ್ಥಪತಿಯ ರೂಢಿ: ಜಡೆಯ ಎಳೆ, ಯಜ್ಞೋಪವೀತದ ಮುಂದುವರಿಕೆ, ಸೊಂಟಪಟ್ಟಿಯ ಗಂಟು. ಗೋಡೆಗೆ ಆನಿಸಿ ಇಡಲೆಂದೇ ಮಾಡಿದ ಸರಕಿಗೆ ಬೆನ್ನು ಬೋಳು.

ಆಮೇಲೆ ಲಕ್ಷಣ. ಅಪಸ್ಮಾರನೇ ಇಲ್ಲದ ನಟರಾಜ, ಡಮರುವಿನ ಕೈಗೂ ಬೆಂಕಿಯ ಕೈಗೂ ವ್ಯತ್ಯಾಸ ಅಳಿದುಹೋದ ನಟರಾಜ, ಪಾದ ತೋರಿಸಬೇಕಾದ ಕೈ ಎತ್ತಲೋ ತಿರುಗಿದ ನಟರಾಜ ಎಲ್ಲವೂ ಅಂಗಡಿಯಲ್ಲಿ ಸಾಲಾಗಿ ನಿಂತಿವೆ. ಮೂರ್ತಿಯಿಂದ ಅಚ್ಚು, ಆ ಅಚ್ಚಿನ ಮೂರ್ತಿಯಿಂದ ಇನ್ನೊಂದು ಅಚ್ಚು ಎಂದು ಮುಂದುವರಿದಂತೆ ಬೆರಳುಗಳು ಕೂಡಿಕೊಳ್ಳುತ್ತವೆ, ಮುಖ ಸವೆದು ಊದಿಕೊಳ್ಳುತ್ತದೆ. ಬಲಗಾಲೆತ್ತಿದ ನಟರಾಜ ಕಂಡರೆ ಮಾತ್ರ ತಪ್ಪೆಂದು ಅವಸರ ಪಡಬೇಡಿ. ಮಧುರೆಯ ಮೀನಾಕ್ಷಿ ದೇವಾಲಯದ ಬೆಳ್ಳಿಯಂಬಲದಲ್ಲಿ ಶಿವ ಬಲಗಾಲೆತ್ತಿಯೇ ಕುಣಿಯುತ್ತಾನೆ. ಅದಕ್ಕೊಂದು ಸ್ಥಳಪುರಾಣವಿದೆ. ಅಗ್ಗದ ಅಚ್ಚಿನ ತಪ್ಪುಗಳ ಹಿಂದೆ ಅವಸರ ಬಿಟ್ಟರೆ ಏನೂ ಇಲ್ಲ.

ಎರಕವಾದ ಮೇಲೆ ಉಳಿಯಿಂದ ಕಣ್ಣು, ಉಗುರು, ಆಭರಣ ಬಿಡಿಸುವ ಕೆಲಸವೇ ಇಂದಿನ ಸ್ವಾಮಿಮಲೈಯಲ್ಲಿ ಹೆಚ್ಚು ಹೊತ್ತು ಹಿಡಿಯುವುದು. ಚೋಳರ ಕಾಲದವರು ಮೇಣದಲ್ಲೇ ಬಹುಪಾಲು ಮುಗಿಸುತ್ತಿದ್ದರು. ತಿಂಗಳುಗಟ್ಟಲೆ ಕೂತು ಮಾಡಿದ ಮೂರ್ತಿಯ ಪಕ್ಕದಲ್ಲೇ ಅದರ ಹತ್ತನೇ ಒಂದು ಪಾಲಿನ ಬೆಲೆಗೆ ಬಣ್ಣದ ರಾಳದ್ದು ‘ಆಂಟಿಕ್ ಫಿನಿಶ್’ ಹೆಸರಲ್ಲಿ ಮಾರಾಟಕ್ಕಿದ್ದರೆ, ಕೊಳ್ಳುವವನಿಗೆ ಭೇದ ಗೊತ್ತಿಲ್ಲದಿದ್ದರೆ, ಸ್ಥಪತಿಯ ಮಗ ಉಳಿ ಹಿಡಿಯುವುದಾದರೂ ಯಾಕೆ? ದೇವಸ್ಥಾನಗಳ ಬೇಡಿಕೆ ಒಂದರಿಂದಲೇ ಇಡೀ ಬೀದಿ ಬದುಕುವುದಿಲ್ಲ. ಮನೆಯ ಅಲಂಕಾರಕ್ಕೆ ಕೊಳ್ಳುವವರೇ ಈಗ ಆ ಕಸುಬಿನ ದೊಡ್ಡ ಆಸರೆ. ಆದ್ದರಿಂದಲೇ ಅವರ ಕಣ್ಣು ಪಳಗಿರಬೇಕು.

ಕತ್ತರಿಸಿದ ತಲೆ

ಬಾಲ್ಕನಿಯ ಬುದ್ಧನ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಮುಂಡವಿಲ್ಲದ ಬುದ್ಧನ ತಲೆಯನ್ನು ಬೌದ್ಧ ಪರಂಪರೆ ಪೂಜೆಗೆಂದು ಮಾಡಿದ್ದಲ್ಲ. ಏಷ್ಯಾದ ಗುಹೆ, ಸ್ತೂಪ, ವಿಹಾರಗಳಿಂದ ಇಡೀ ಮೂರ್ತಿ ಸಾಗಿಸಲಾಗದ ಕಳ್ಳರು, ವ್ಯಾಪಾರಿಗಳು ತಲೆಯನ್ನಷ್ಟೇ ಕಡಿದು ಒಯ್ದರು. ಚೀನಾದ ಲಾಂಗ್‌ಮೆನ್ ಗುಹೆಗಳಲ್ಲಿ ತಲೆಯಿಲ್ಲದ ಬುದ್ಧರು ಇಂದಿಗೂ ಸಾಲಾಗಿ ಕೂತಿದ್ದಾರೆ. ಪಾಶ್ಚಾತ್ಯ ಮ್ಯೂಸಿಯಮ್ಮುಗಳಲ್ಲಿ, ಸಿರಿವಂತರ ಮನೆಗಳಲ್ಲಿ ಆ ತಲೆಗಳನ್ನು ನೋಡಿ ನೋಡಿ, ತಲೆಯೇ ಒಂದು ಅಲಂಕಾರದ ರೂಪವಾಯಿತು. ಅದರ ನಕಲು ಇಂದು ಸ್ಪಾ, ಹೋಟೆಲು, ಉದ್ಯಾನಗಳಿಗೆ ಹಬ್ಬಿದೆ. ಥಾಯ್ಲೆಂಡಿನಲ್ಲಿ ಇದಕ್ಕೆ ಜನರ ವಿರೋಧ ಎಷ್ಟೆಂದರೆ, ಬುದ್ಧ ಅಲಂಕಾರದ ವಸ್ತುವಲ್ಲ ಎಂದು ಪ್ರವಾಸಿಗರಿಗೆ ಹೇಳುವ ದೊಡ್ಡ ಫಲಕಗಳನ್ನೇ ನಿಲ್ಲಿಸಿದ್ದಾರೆ. ನಟರಾಜನಿಗೂ ಇದಕ್ಕೂ ಇರುವ ಅಂತರ ನನಗೆ ಮುಖ್ಯ. ನಟರಾಜನ ನಕಲು ಕಟ್ಟಿದವರ ಕೆಲಸದ ಮುಂದುವರಿಕೆ, ಬುದ್ಧನ ತಲೆ ಕೆಡವಿದವರ ಕೆಲಸದ ನಕಲು. ಧ್ಯಾನದಲ್ಲಿ ಕುಳಿತ ಇಡೀ ಬುದ್ಧ ಸಿಗುವಾಗ ತಲೆಯೊಂದನ್ನೇ ತರಬೇಕಾದ ಕಾರಣ ನನಗೆ ಕಾಣದು.

ಕೊಂಡ ಮೇಲೆ

ಅಮೆರಿಕ, ಕೊಲ್ಲಿ ದೇಶಗಳಿಂದ ರಜೆಗೆ ಬಂದ ಕನ್ನಡಿಗರು ಮರಳುವಾಗ ಸೂಟ್‌ಕೇಸಿನಲ್ಲಿ ಮೂರ್ತಿ ಒಯ್ಯುವುದುಂಟು. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಶಿಲ್ಪ ಪ್ರಾಚ್ಯವಸ್ತು. ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಕೊಂಡೊಯ್ಯುವಂತಿಲ್ಲ. ನಿಮ್ಮದು ಹೊಸದೇ ಇರಬಹುದು. ಆದರೆ ಹಳೆಯದರಂತೆ ಕಾಣಲೆಂದೇ ರಾಸಾಯನಿಕ ಬಳಿದು ಹಸಿರು ತರಿಸಿದ ಮೂರ್ತಿಯನ್ನು ನೋಡಿ ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿಗೆ ಅನುಮಾನ ಬಂದರೆ ಅದು ಅವರ ತಪ್ಪಲ್ಲ. ದೊಡ್ಡ ಅಥವಾ ಹಳೆಯ ನೋಟದ ಮೂರ್ತಿಗೆ ಇದು ಪ್ರಾಚ್ಯವಸ್ತುವಲ್ಲ ಎಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಕೊಡುತ್ತದೆ. ಕೊಂಡ ಅಂಗಡಿಯ ಬಿಲ್ಲು, ಮೂರ್ತಿಯ ಚಿತ್ರಗಳು ಕೈಯಲ್ಲಿರಲಿ, ಪ್ರಯಾಣದ ಹಿಂದಿನ ದಿನದವರೆಗೆ ಕಾಯಬೇಡಿ.

ಇನ್ನು ಶುಚಿ. ಹಬ್ಬದ ಮುನ್ನಾದಿನ ದೀಪದ ಕಂಬಗಳ ಜೊತೆ ನಟರಾಜನಿಗೂ ಹುಣಸೆಹಣ್ಣು ತಿಕ್ಕುವ ಮನೆಗಳಿವೆ. ಪೂಜೆಯ ಹಿತ್ತಾಳೆಗೆ ಅದು ಸರಿ. ಕಪ್ಪುಕಂದು ಮೆರುಗಿನ ಕಂಚಿಗೆ ಅಲ್ಲ, ಹುಳಿ ಆ ಮೆರುಗನ್ನೇ ತಿಂದುಹಾಕುತ್ತದೆ, ಗೆರೆಗಳ ನಡುವೆ ಉಳಿದ ರಸ ಹಸಿರು ಕಟ್ಟುತ್ತದೆ. ಒಣಗಿದ ಮೆತ್ತನೆಯ ಬ್ರಷ್ಷಿನಿಂದ ಜಟೆಯ ಸಂ‌ದುಗಳ ಧೂಳು ತೆಗೆದು, ಹತ್ತಿಬಟ್ಟೆಯಲ್ಲಿ ಒರೆಸಿದರೆ ಸಾಕು. ಎತ್ತುವಾಗ ಪ್ರಭಾವಳಿಯನ್ನು ಹಿಡಿದು ಎತ್ತಬಾರದು. ಎಷ್ಟೋ ಮೂರ್ತಿಗಳಲ್ಲಿ ಅದು ಬೇರೆಯಾಗಿ ಎರೆದು ಪೀಠಕ್ಕೆ ಸಿಕ್ಕಿಸಿದ್ದು, ಭಾರಕ್ಕೆ ಕಳಚಿಕೊಳ್ಳುತ್ತದೆ. ಎರಡೂ ಕೈಯಿಂದ ಪೀಠವನ್ನೇ ಹಿಡಿಯಬೇಕು.